ಎಂಬಿಎಯ ಎರಡು ವರ್ಷದಲ್ಲಿ ಯಾವುದಕ್ಕೆ ಸಮಯ ಕೊಡಬೇಕು? ನಾಲ್ಕು ದಾರಿ ಹಿಡಿದು ನೋಡಿದ್ದೇನೆ

ಬಿಸಿನೆಸ್ ಸ್ಕೂಲ್‌ಗಳಲ್ಲಿ ಸಾಧನೆಗೆ ಎರಡು ಪಟ್ಟಿ ಇರುತ್ತವೆ. ವಿದ್ಯಾರ್ಥಿಗಳು ಗೆದ್ದ ಸ್ಪರ್ಧೆಗಳದ್ದು ಒಂದು. ಅಧ್ಯಾಪಕರು ಬರೆದ ಲೇಖನ, ಪಡೆದ ಪ್ರಶಸ್ತಿಗಳದ್ದು ಇನ್ನೊಂದು. ಹಲವು ದೇಶದವರು ಒಟ್ಟಿಗೆ ಓದುವ ಶಾಲೆಯೊಂದರಲ್ಲಿ ಎಂಬಿಎ ಮಾಡುವಾಗ ನಾನು ಎರಡೂ ಕಡೆ ಕೈ ಹಾಕಿದೆ. ಒಂದು ಕಂಪನಿಯ ಪರಿಸ್ಥಿತಿಯನ್ನು (ಅದೇ ಕೇಸ್) ಕೊಟ್ಟು ಪರಿಹಾರ ಕೇಳುವ ಕೇಸ್ ಸ್ಪರ್ಧೆಗೆ ಹೋದೆ. ಹೂಡಿಕೆ ವೃತ್ತಿಪರರ ಸಂಸ್ಥೆಯಾದ ಸಿಎಫ್‌ಎ ಇನ್‌ಸ್ಟಿಟ್ಯೂಟ್ ನಡೆಸುವ ರಿಸರ್ಚ್ ಚಾಲೆಂಜ್‌ನಲ್ಲಿ ಷೇರು ವರದಿ ಬರೆದೆ. ಸಾಮಾಜಿಕ ಸಮಸ್ಯೆಗೆ ಬಿಸಿನೆಸ್ ಪರಿಹಾರ ಕೇಳುವ ಹಲ್ಟ್ ಪ್ರೈಜ್‌ಗಾಗಿ ಗೆಳೆಯರ ಜೊತೆ ಒಂದು ಐಡಿಯಾ ಕಟ್ಟಿದೆ. ಕೊನೆಗೆ ಇಬ್ಬರು ಪ್ರೊಫೆಸರ್‌ಗಳ ಕೈಕೆಳಗೆ ಕೆಲಸ ಮಾಡಿದೆ. ನಾಲ್ಕನ್ನೂ ಮಾಡುವಷ್ಟು ಸಮಯ ಎಲ್ಲರಿಗೂ ಸಿಗುವುದಿಲ್ಲ. ಆರಿಸಬೇಕಾದವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಕೇಸ್ ಸ್ಪರ್ಧೆಗಳಲ್ಲಿ ಹಳೆಯ, ದೊಡ್ಡ ಹೆಸರು ಮಾಂಟ್ರಿಯಲ್‌ನ ಕಾನ್‌ಕಾರ್ಡಿಯಾ ವಿಶ್ವವಿದ್ಯಾಲಯದ ಜಾನ್ ಮೋಲ್ಸನ್ ಎಂಬಿಎ ಸ್ಪರ್ಧೆ. 1981ರಲ್ಲಿ ಶುರುವಾಯಿತು. ನಾಲ್ಕು ಜನರ ಟೀಂ, ಕೈಯಲ್ಲೊಂದು ಕೇಸ್, ತಯಾರಿಗೆ ಮೂರು ಗಂಟೆ, ಆಮೇಲೆ ಜಡ್ಜ್‌ಗಳ ಮುಂದೆ. ನಾನು ಹೋಗಿದ್ದು ಬೇರೆ ಸ್ಪರ್ಧೆಗೆ, ಆದರೆ ರೀತಿ ಹೆಚ್ಚುಕಡಿಮೆ ಇದೇ. ಮೊದಲ ಸುತ್ತಿನಲ್ಲಿ ನಾಲ್ವರೂ ಕೂತು ಇಡೀ ಕೇಸ್ ಓದಿದೆವು. ಅಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ಎರಡನೇ ಸುತ್ತಿನಿಂದ ಒಬ್ಬರು ಬರೀ ಕೋಷ್ಟಕಗಳನ್ನು ನೋಡುವುದು, ಒಬ್ಬರು ಪ್ರತಿಸ್ಪರ್ಧಿಗಳ ಭಾಗ ಓದುವುದು ಅಂತ ಹಂಚಿಕೊಂಡೆವು. ಅರ್ಧ ಗಂಟೆಗೆಲ್ಲ 'ಈ ಕಂಪನಿ ಈಗ ತೀರ್ಮಾನಿಸಬೇಕಾದ ಒಂದೇ ವಿಷಯ ಯಾವುದು' ಅನ್ನುವುದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆವು. ಆ ಒಂದು ಸಾಲು ಸರಿ ಬಿದ್ದರೆ ಸ್ಲೈಡ್‌ಗಳು ತಾವಾಗೇ ಸಾಲಾಗಿ ಬರುತ್ತವೆ. ಒತ್ತಡದಲ್ಲಿ ಬೇರೆಯವರ ಮೇಲೆ ಭರವಸೆ ಇಡುವುದನ್ನು ನಾನು ಕಲಿತಿದ್ದು ಅಲ್ಲೇ. ಕೊರತೆ ಅಂದರೆ, ಅಲ್ಲಿ ತಪ್ಪು ಉತ್ತರಕ್ಕೆ ಬೆಲೆ ತೆರಬೇಕಾಗಿಲ್ಲ. ಮೂರು ಗಂಟೆಯಲ್ಲಿ ಹೇಳಿದ್ದನ್ನು ಮೂರು ವಾರದ ಮೇಲೆ ಯಾರೂ ತಿರುಗಿ ಪರೀಕ್ಷಿಸುವುದಿಲ್ಲ. ಆ ಕಂಪನಿಯ ಹೆಸರೂ ನನಗೀಗ ನೆನಪಿಲ್ಲ.

ರಿಸರ್ಚ್ ಚಾಲೆಂಜ್ ಇದಕ್ಕೆ ಪೂರ್ತಿ ಉಲ್ಟಾ. ಮೂರರಿಂದ ಐದು ವಿದ್ಯಾರ್ಥಿಗಳ ಟೀಂಗೆ ಷೇರುಪೇಟೆಯಲ್ಲಿರುವ ನಿಜವಾದ ಒಂದು ಕಂಪನಿ ಸಿಗುತ್ತದೆ. ಅದನ್ನು ತಿಂಗಳುಗಟ್ಟಲೆ ಅಗೆದು, ಕೊಳ್ಳಿ, ಮಾರಿ ಅಥವಾ ಇಟ್ಟುಕೊಳ್ಳಿ ಅಂತ ಒಂದು ಸಲಹೆ ಕೊಡಬೇಕು. ಮುಖ್ಯ ವರದಿ ಹತ್ತು ಪುಟ. ಹತ್ತು ನಿಮಿಷ ಮಾತು, ಹತ್ತು ನಿಮಿಷ ಪ್ರಶ್ನೆ. ಶಾಲೆಯ ಒಬ್ಬ ಅಧ್ಯಾಪಕರು ಮತ್ತು ಉದ್ಯಮದ ಒಬ್ಬ ಮಾರ್ಗದರ್ಶಿ ಜೊತೆಗಿರುತ್ತಾರೆ. ಆದರೆ ವರದಿ ಪೂರ್ತಿ ವಿದ್ಯಾರ್ಥಿಗಳದ್ದೇ ಆಗಿರಬೇಕು.

ನಾವು 'ಕೊಳ್ಳಿ' ಅಂದಿದ್ದೆವು. ನಮ್ಮ ಟಾರ್ಗೆಟ್ ಬೆಲೆ, ಅಂದರೆ ಷೇರಿಗೆ ಇಷ್ಟು ಅಂತ ನಾವು ಲೆಕ್ಕ ಹಾಕಿದ ಬೆಲೆ, ಅವತ್ತಿನ ಮಾರುಕಟ್ಟೆ ಬೆಲೆಗಿಂತ ಶೇ 12ರಷ್ಟು ಮೇಲಿತ್ತು. ಪ್ರಾಕ್ಟೀಸ್ ಮಾಡುವಾಗ ನಮ್ಮ ಪ್ರೊಫೆಸರ್ ಕೇಳಿದ್ದು ಒಂದೇ ಪ್ರಶ್ನೆ: 'ಈ ಕಂಪನಿ ಎಂದೆಂದಿಗೂ ವರ್ಷಕ್ಕೆ ಶೇ 4ರಂತೆ ಬೆಳೆಯುತ್ತದೆ ಅಂತ ಯಾಕೆ ನಂಬಿದ್ದೀರಿ?' ನಮಗೆ ಉತ್ತರ ಇರಲಿಲ್ಲ. ಹಿಂದಿನ ಐದು ವರ್ಷದ ಬೆಳವಣಿಗೆ ನೋಡಿ ಸುಮ್ನೆ ಹಾಕಿದ್ದ ಸಂಖ್ಯೆ ಅದು. ಲೆಕ್ಕ ನೋಡಿ. ಡಿಸ್ಕೌಂಟ್ ದರ (ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸುವ ದರ) ಶೇ 9 ಇರುವಾಗ ಶಾಶ್ವತ ಬೆಳವಣಿಗೆಯನ್ನು ಶೇ 4ರಿಂದ 3ಕ್ಕೆ ಇಳಿಸಿದರೆ ಟರ್ಮಿನಲ್ ವ್ಯಾಲ್ಯೂ, ಅಂದರೆ ವರ್ಷವರ್ಷದ ಅಂದಾಜು ಮುಗಿದ ಮೇಲಿನ ಎಲ್ಲ ಗಳಿಕೆಯ ಮೌಲ್ಯ, ಶೇ 17ರಷ್ಟು ಕುಸಿಯುತ್ತದೆ. ನಮ್ಮ ಮಾಡೆಲ್‌ನಲ್ಲಿ ಒಟ್ಟು ಮೌಲ್ಯದ ಮುಕ್ಕಾಲು ಪಾಲು ಅದೇ ಆಗಿತ್ತು. ಅಂದರೆ ಒಂದೇ ಒಂದು ಪರ್ಸೆಂಟ್ ಇಳಿಸಿದ್ದಕ್ಕೆ ಟಾರ್ಗೆಟ್ ಬೆಲೆ ಮಾರುಕಟ್ಟೆ ಬೆಲೆಗಿಂತ ಕೆಳಗೆ ಹೋಯಿತು. ಯಾವ ಕಂಪನಿಯೂ ಇಡೀ ಆರ್ಥಿಕತೆಗಿಂತ ವೇಗವಾಗಿ ಕೊನೆಯಿಲ್ಲದಂತೆ ಬೆಳೆಯಲಾರದು, ಹಾಗಾದರೆ ಒಂದು ದಿನ ಆ ಕಂಪನಿಯೇ ಆರ್ಥಿಕತೆ ಆಗಿಬಿಡುತ್ತದೆ, ಅಲ್ವಾ? ಪುಸ್ತಕದಲ್ಲಿ ಓದಿದ್ದ ಮಾತೇ. ಆದರೆ ನಮ್ಮದೇ ವರದಿಯ ಸಲಹೆ ಅದರಿಂದ ಉರುಳಿದಾಗ ಅರ್ಥವಾದ ರೀತಿಯೇ ಬೇರೆ. ಎರಡು ವಾರ ಕೂತು ಮತ್ತೆ ಬರೆದು 'ಇಟ್ಟುಕೊಳ್ಳಿ' ಅಂತ ಬದಲಿಸಿದೆವು. ಗೆಲ್ಲಲಿಲ್ಲ. ಆದರೂ ಆ ಎರಡು ವಾರ ನನಗೆ ಒಂದು ಇಡೀ ಸೆಮಿಸ್ಟರ್‌ಗಿಂತ ಜಾಸ್ತಿ ಕಲಿಸಿತು.

ಹಲ್ಟ್ ಪ್ರೈಜ್ ಬಗ್ಗೆ ಕಡಿಮೆ ಹೇಳುತ್ತೇನೆ. ನಮ್ಮ ಟೀಂ ಕ್ಯಾಂಪಸ್ ಸುತ್ತನ್ನು ದಾಟಲಿಲ್ಲ, ತಪ್ಪು ನಮ್ಮದೇ. ಸ್ಲೈಡ್‌ಗೆ ಒಂದು ತಿಂಗಳು ಕೊಟ್ಟೆವು, ಆ ಸೇವೆ ಬೇಕಾದವರ ಹತ್ತಿರ ಒಂದು ದಿನವೂ ಹೋಗಿ ಮಾತಾಡಲಿಲ್ಲ. ಹಲ್ಟ್ ಇಂಟರ್‌ನ್ಯಾಷನಲ್ ಬಿಸಿನೆಸ್ ಸ್ಕೂಲ್‌ನ ವಿದ್ಯಾರ್ಥಿಯೊಬ್ಬರ ಐಡಿಯಾದಿಂದ 2009ರಲ್ಲಿ ಹುಟ್ಟಿದ ಸ್ಪರ್ಧೆ ಇದು. ಗೆದ್ದ ಟೀಂಗೆ 10 ಲಕ್ಷ ಡಾಲರ್ ಸಿಗುತ್ತದೆ. 2013ರಲ್ಲಿ ಗೆದ್ದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಟೀಂ ಕೀಟಗಳನ್ನು ಸಾಕಿ ಆಹಾರ ಮಾಡುವ ಯೋಜನೆ ತಂದಿತ್ತು. 2014ರಲ್ಲಿ ಗೆದ್ದ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನ ನ್ಯಾನೋಹೆಲ್ತ್ ಕೊಳೆಗೇರಿಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ದೀರ್ಘಕಾಲದ ಕಾಯಿಲೆಗಳ ಆರೈಕೆಯನ್ನು ಕೈಗೆತ್ತಿಕೊಂಡಿತ್ತು. ನಿಜವಾಗಿಯೂ ಕಂಪನಿ ಕಟ್ಟಬೇಕು ಅನ್ನುವ ಹಂಬಲ ಇದ್ದರೆ ಇದರಷ್ಟು ಒಳ್ಳೆಯ ವೇದಿಕೆ ಸಿಗುವುದು ಕಷ್ಟ. ಸಿವಿಯಲ್ಲಿ ಒಂದು ಸಾಲಿಗೋಸ್ಕರ ಆದರೆ ಬೇಡ.

ಇನ್ನು ಅಧ್ಯಾಪಕರ ಕಡೆಗೆ ಬರೋಣ. ಅಲ್ಲಿಯೂ ಎರಡು ಥರ ಕೆಲಸ ಮಾಡಿ ನೋಡಿದೆ.

ಮೊದಲನೆಯದು ಜರ್ನಲ್ ಲೇಖನ. ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ 50 ಜರ್ನಲ್‌ಗಳ ಒಂದು ಪಟ್ಟಿ ಇಟ್ಟುಕೊಂಡಿದೆ. ಶಾಲೆಗಳ ರ‍್ಯಾಂಕಿಂಗ್ ಮಾಡುವಾಗ ಅಧ್ಯಾಪಕರ ಸಂಶೋಧನೆಯನ್ನು ಅಳೆಯುವುದು ಅದರಿಂದಲೇ. ಅಂಥ ಒಂದು ಜರ್ನಲ್‌ಗೆ ಲೇಖನ ಕಳಿಸಿದ್ದ ಪ್ರೊಫೆಸರ್ ಒಬ್ಬರಿಗೆ ನಾನು ಒಂದು ಸೆಮಿಸ್ಟರ್ ಡೇಟಾ ಸರಿಮಾಡಿ ಕೊಟ್ಟೆ. ಒಂದೇ ಕಂಪನಿ ಮೂರು ಹೆಸರಲ್ಲಿ ಇರುವುದನ್ನು ಹುಡುಕಿ ಒಂದು ಮಾಡುವುದು, ವಿಲೀನವಾದ ವರ್ಷ ಗುರುತಿಸುವುದು, ಇಂಥವು. ಜರ್ನಲ್ ಪರವಾಗಿ ಲೇಖನ ಪರಿಶೀಲಿಸುವ ವಿಮರ್ಶಕರ ಎರಡನೇ ಸುತ್ತಿನ ಪ್ರಶ್ನೆಗಳು ಬಂದಾಗ ಆ ಪ್ರಶ್ನೆಗಳ ಪತ್ರವೇ 14 ಪುಟ ಇತ್ತು. ಲೇಖನ ಹೊರಬರುವ ಮೊದಲೇ ನನ್ನ ಕೋರ್ಸ್ ಮುಗಿಯಿತು. ಪಿಎಚ್‌ಡಿ ಮಾಡುವ ಮನಸ್ಸಿದ್ದವರಿಗೆ ಇದು ಸರಿಯಾದ ಜಾಗ. ಉಳಿದವರಿಗೆ ತಾಳ್ಮೆ ಸಾಲದೇ ಹೋಗಬಹುದು. ಸಾಧನೆ ಪಟ್ಟಿಯಲ್ಲಿ ಕಾಣುವ ಒಂದು ಸಾಲಿನ ಹಿಂದೆ ಎಷ್ಟು ವರ್ಷ ಇರುತ್ತದೆ ಅಂತ ಗೊತ್ತಾದ ಮೇಲೆ ಆ ಪಟ್ಟಿಯನ್ನು ನಾನು ಬೇರೆ ಥರವೇ ಓದುತ್ತೇನೆ.

ಎರಡನೆಯದು ಪಾಠಕ್ಕಾಗಿ ಕೇಸ್ ಬರೆಯುವುದು. ನನ್ನ ಓಟು ಇದಕ್ಕೇ.

ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ತನ್ನ ಮೊದಲ ಕೇಸ್ ಹೊರತಂದದ್ದು 1921ರಲ್ಲಿ. ಈಗ ಕೇಸ್ ಇಲ್ಲದ ಎಂಬಿಎ ತರಗತಿ ಊಹಿಸುವುದೇ ಕಷ್ಟ. ಓದುವಾಗ ಕೇಸ್ ಒಂದು ಕಥೆಯ ಹಾಗೆ ಕಾಣುತ್ತದೆ. ಬರೆಯಲು ಕೂತರೆ ಅದು ಎಷ್ಟು ಬಿಗಿಯಾದ ಕೆಲಸ ಅಂತ ತಿಳಿಯುತ್ತದೆ. ನಾವು ಒಂದು ಸಣ್ಣ ಕಂಪನಿಯ ಮ್ಯಾನೇಜರ್‌ಗಳನ್ನು ಎಂಟು ಸಲ ಸಂದರ್ಶನ ಮಾಡಿದೆವು. ಅವರು ತೀರ್ಮಾನ ತೆಗೆದುಕೊಂಡು ಎರಡು ವರ್ಷ ಆಗಿತ್ತು, ಫಲಿತಾಂಶವೂ ಗೊತ್ತಿತ್ತು. ಆದರೆ ಕೇಸ್ ಆ ತೀರ್ಮಾನದ ಹಿಂದಿನ ದಿನವೇ ನಿಲ್ಲಬೇಕು. ಮುಂದೆ ಏನಾಯಿತು ಅನ್ನುವ ಸುಳಿವು ಒಂದು ವಿಶೇಷಣದಲ್ಲೂ ಇಣುಕಬಾರದು. ನಾನು 'ದುಡುಕಿನ ವಿಸ್ತರಣೆ' ಅಂತ ಬರೆದಿದ್ದೆ. ಪ್ರೊಫೆಸರ್ 'ದುಡುಕಿನ' ಅನ್ನುವ ಪದ ಹೊಡೆದುಹಾಕಿ, 'ಅದನ್ನು ತರಗತಿ ಹೇಳಲಿ' ಅಂತ ಅಂಚಿನಲ್ಲಿ ಬರೆದಿದ್ದರು.

ಕರಡನ್ನು ಮೊದಲ ಸಲ ತರಗತಿಯಲ್ಲಿ ಪಾಠ ಮಾಡಿದ ದಿನ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಚರ್ಚೆ ಇಪ್ಪತ್ತು ನಿಮಿಷಕ್ಕೇ ಮುಗಿದುಹೋಯಿತು. ಮೂರನೇ ಕೋಷ್ಟಕದಲ್ಲಿ ಗ್ರಾಹಕರೊಬ್ಬರಿಂದ ಬರುವ ಲಾಭವನ್ನು ನಾವೇ ಲೆಕ್ಕ ಹಾಕಿ ಕೊಟ್ಟುಬಿಟ್ಟಿದ್ದೆವು, ಉತ್ತರ ಅದರಲ್ಲೇ ಇತ್ತು. ಲೆಕ್ಕ ತೆಗೆದು, ಕಚ್ಚಾ ಸಂಖ್ಯೆಗಳನ್ನಷ್ಟೇ ಬಿಟ್ಟೆವು. ಮುಂದಿನ ಸೆಮಿಸ್ಟರ್‌ನಲ್ಲಿ ಅದೇ ಕೇಸ್‌ಗೆ ತರಗತಿ ಎರಡು ಭಾಗ ಆಯಿತು. ಗಂಟೆ ಮುಗಿದರೂ ವಾದ ನಿಲ್ಲಲಿಲ್ಲ. ಆಮೇಲೆ ಕೇಸ್ ಅನ್ನು ಹೇಗೆ ಪಾಠ ಮಾಡಬೇಕು ಅಂತ ಅಧ್ಯಾಪಕರಿಗೆ ಹೇಳುವ ಟೀಚಿಂಗ್ ನೋಟ್ ಬರೆದೆವು, ಅದು ಕೇಸ್‌ಗಿಂತ ಉದ್ದ ಆಯಿತು. ಕಂಪನಿಯ ಲಿಖಿತ ಒಪ್ಪಿಗೆಗೆ ಇನ್ನೂ ಎರಡು ತಿಂಗಳು ಕಾದೆವು. ಲೇಖಕರ ಸಾಲಿನಲ್ಲಿ ಪ್ರೊಫೆಸರ್ ನನ್ನ ಹೆಸರನ್ನೂ ಸೇರಿಸಿದರು. ಹಲವು ಶಾಲೆಗಳಲ್ಲಿ ಬಡ್ತಿಯ ಲೆಕ್ಕಕ್ಕೆ ಜರ್ನಲ್ ಲೇಖನಕ್ಕಿರುವ ತೂಕ ಕೇಸ್‌ಗೆ ಇಲ್ಲ. ಅದು ಗೊತ್ತಿದ್ದೂ ಒಬ್ಬ ವಿದ್ಯಾರ್ಥಿಯ ಜೊತೆ ಒಂದು ವರ್ಷ ಕಳೆದ ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಹಾಗಂತ ಎಲ್ಲರಿಗೂ ಕೇಸ್ ಬರೆಯಿರಿ ಅನ್ನುವುದಿಲ್ಲ. ಹೂಡಿಕೆ, ಬ್ಯಾಂಕಿಂಗ್ ಕಡೆ ಹೋಗುವವರಿಗೆ ರಿಸರ್ಚ್ ಚಾಲೆಂಜ್‌ನ ಹತ್ತು ನಿಮಿಷದ ಪ್ರಶ್ನೋತ್ತರಕ್ಕೆ ಸಮ ಇನ್ನೊಂದಿಲ್ಲ. ಕನ್ಸಲ್ಟಿಂಗ್ ಇಂಟರ್‌ವ್ಯೂ ಹತ್ತಿರ ಇದ್ದರೆ ಕೇಸ್ ಸ್ಪರ್ಧೆಯೇ ಬೇಗ ಕೈಹಿಡಿಯುತ್ತದೆ, ಮೊದಲ ವರ್ಷವೇ ಮಾಡಿ ಮುಗಿಸಿ. ಕೇಸ್ ಬರೆಯುವ ಆಸೆ ಇದ್ದರೆ ಮೊದಲ ಸೆಮಿಸ್ಟರ್‌ನಲ್ಲೇ ಕೇಳಬೇಕು, ಅದಕ್ಕೆ ಒಂದು ವರ್ಷವಾದರೂ ಬೇಕು. ಕೇಳಲು ಹೋಗುವ ಮುಂಚೆ ಆ ಪ್ರೊಫೆಸರ್ ಬರೆದ ಒಂದು ಕೇಸ್ ಓದಿಕೊಳ್ಳಿ. ಜೊತೆಗೆ ನಿಮ್ಮ ಹಿಂದಿನ ಕೆಲಸದ ಪರಿಚಯದಲ್ಲಿ ಬಾಗಿಲು ತೆರೆದು ಲೆಕ್ಕಪತ್ರ ತೋರಿಸುವ ಒಂದು ಕಂಪನಿ ಇದ್ದರೆ ಅದರ ಹೆಸರು ಹೇಳಿ. ನಮ್ಮ ಪ್ರೊಫೆಸರ್ ಒಪ್ಪಿಕೊಂಡಿದ್ದು ಆ ಎರಡನೇ ಮಾತಿಗೆ.