ಕಾರವಾರದಿಂದ ಬಾರಿ, ಪೊಂಪೇಯಿ: ದಂಪತಿಗಳ ಯಾತ್ರಾ ಪ್ಯಾಕೇಜು ಹೇಗಿದೆ?

ಕಾರವಾರದ ಒಂದು ಟ್ರಾವೆಲ್ಸ್‌ನವರು ಚರ್ಚ್ ಸೇವೆಯಲ್ಲಿರುವ ಗಂಡ-ಹೆಂಡತಿಯರಿಗೆಂದೇ ದಕ್ಷಿಣ ಇಟಲಿ ಯಾತ್ರೆ ನಡೆಸುತ್ತಾರೆ. ರೋಮ್ ಬರೀ ವಿಮಾನ ಇಳಿಯುವ ಜಾಗ. ಅಸಲು ಯಾತ್ರೆ ಬಾರಿ ಪಟ್ಟಣ, ಗಾರ್ಗಾನೊ ಗುಡ್ಡ ಮತ್ತು ನೇಪಲ್ಸ್ ಸುತ್ತಮುತ್ತ. ಊರುಗಳ ಆಯ್ಕೆಗೆ ಪೂರ್ತಿ ಅಂಕ ಕೊಡಬಹುದು. ವೇಳಾಪಟ್ಟಿಗೆ ಅಷ್ಟು ಕೊಡಲಾಗದು.

ಇವರ ಕೈ ಪಳಗಿರುವುದು ವೀಸಾ ಕೆಲಸದಲ್ಲಿ. ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಬ್ಯಾಪ್ಟಿಸಮ್ ಸರ್ಟಿಫಿಕೇಟಿನಲ್ಲಿ 'ಫರ್ನಾಂಡಿಸ್', ಆಧಾರಿನಲ್ಲಿ 'ಫೆರ್ನಾಂಡೀಸ್', ಹೆಂಡತಿಯ ಪಾಸ್‌ಪೋರ್ಟಿನಲ್ಲಿ ತವರಿನ ಸರ್‌ನೇಮ್ ಇರುವುದು ಮಾಮೂಲು. ಟಿಕೆಟ್ ತೆಗೆಯುವ ಮೊದಲೇ ಅವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡುತ್ತಾರೆ, ಬೇಕಾದರೆ ಅಫಿಡವಿಟ್ ಮಾಡಿಸುತ್ತಾರೆ. ಷೆಂಗೆನ್ ವೀಸಾ (ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಶುಲ್ಕ ದೊಡ್ಡವರಿಗೆ 90 ಯೂರೊ. ವಿಮೆ ಕನಿಷ್ಠ 30,000 ಯೂರೊದ್ದಿರಬೇಕು. ಪಾಸ್‌ಪೋರ್ಟಿಗೆ ವಾಪಸಾದ ಮೇಲೂ 3 ತಿಂಗಳ ಅವಧಿ, 2 ಖಾಲಿ ಪುಟ ಇರಬೇಕು. ಅವರು ಹೇಳದೇ ಬಿಡುವ ಒಂದು ಸಂಗತಿಯಿದೆ: ಇದು ಪ್ರವಾಸಿ ವೀಸಾ. ಅಲ್ಲೇ ಉಳಿದು ಧರ್ಮಸೇವೆ ಮಾಡುವ ಉದ್ದೇಶವಿದ್ದರೆ ಇಟಲಿಯಲ್ಲಿ ಧಾರ್ಮಿಕ ಕಾರಣದ ವೀಸಾ ಬೇರೆಯೇ ಇದೆ, ಅದರ ಕಾಗದಪತ್ರವೂ ಬೇರೆ.

ಬಾರಿಯಲ್ಲಿ ಎರಡು ರಾತ್ರಿ ಸಾಕು. ಸಂತ ನಿಕೋಲಾಸರ ಅಸ್ಥಿಗಳನ್ನು 1087ರಲ್ಲಿ ಈಗಿನ ಟರ್ಕಿಯ ಮೈರಾದಿಂದ ಹಡಗಿನಲ್ಲಿ ಹೊತ್ತು ತಂದವರು ಈ ಊರಿನ ನಾವಿಕರೇ (ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದವರು ಈ ಸಾಹಸದ ಬೆಲೆ ಬಲ್ಲರು). ಬಸಿಲಿಕದ ನೆಲಮಾಳಿಗೆಗೆ ಬೆಳಿಗ್ಗೆಯೇ ಹೋಗಿ. ಆರ್ಥೊಡಾಕ್ಸ್ ಯಾತ್ರಿಕರ ಗುಂಪು ಬಂದರೆ ಸಮಾಧಿಯ ಹತ್ತಿರ ನಿಲ್ಲಲೂ ಜಾಗ ಸಿಗದು. ಮೇ 9ರ ಆಸುಪಾಸು ಹಬ್ಬ, ಹೋಟೆಲು ಸಿಗುವುದು ಕಷ್ಟ.

ಗಾರ್ಗಾನೊದ ದಿನ ವ್ಯಾನಿನಲ್ಲಿ. ಮೊಂತೆ ಸಾಂತ್ ಆಂಜೆಲೊ ಸುಮಾರು 800 ಮೀಟರ್ ಎತ್ತರದಲ್ಲಿದೆ. ರಸ್ತೆಯ ತಿರುವುಗಳು ದೇವಿಮನೆ ಘಾಟಿಯಂತೆಯೇ, ವಾಂತಿ ಮಾತ್ರೆ ಜೊತೆಗಿರಲಿ. ಮಿಖಾಯೇಲ ದೇವದೂತನ ಗುಹೆಗೆ 86 ಮೆಟ್ಟಿಲು ಇಳಿಯಬೇಕು. ಮೊಣಕಾಲು ನೋವಿರುವವರಿಗೆ ವಾಪಸು ಹತ್ತುವುದೇ ಪರೀಕ್ಷೆ. ಅದೇ ದಿನ ಸಂತ ಪಾದ್ರೆ ಪಿಯೊ ಬದುಕಿದ್ದ ಊರು ಸಾನ್ ಜೊವಾನ್ನಿ ರೊತೊಂದೊ ಕೂಡ ಮುಗಿಸುತ್ತಾರೆ. ಅಲ್ಲಿ ಗೈಡು ಮೊದಲು ಹಳೆ ಚರ್ಚು ತೋರಿಸುತ್ತಾ ಹೊತ್ತು ಕಳೆಯುತ್ತಾನೆ. ಪಾದ್ರೆ ಪಿಯೊ ಅವರ ದೇಹ ಇರುವುದು ರೆಂಜೊ ಪಿಯಾನೊ ವಿನ್ಯಾಸ ಮಾಡಿದ, 2004ರಲ್ಲಿ ತೆರೆದ ಹೊಸ ಚರ್ಚಿನ ಕೆಳ ಅಂತಸ್ತಿನಲ್ಲಿ. ಮೊದಲು ಅಲ್ಲಿಗೇ ಕರೆದೊಯ್ಯಲು ಹೇಳಿ.

ದೊಡ್ಡ ತಕರಾರು ಇರುವುದು ಪೊಂಪೇಯಿಯಲ್ಲಿ. ದಂಪತಿ ಯಾತ್ರೆ ಎಂದು ಹೆಸರಿಟ್ಟುಕೊಂಡು, ದಂಪತಿಯೇ ಕಟ್ಟಿ ಬೆಳೆಸಿದ ಜಪಮಾಲೆ ಮಾತೆಯ ಕ್ಷೇತ್ರಕ್ಕೆ ಅರ್ಧ ತಾಸು ಕೊಟ್ಟರೆ ಹೇಗೆ? ವಕೀಲ ಬಾರ್ತೊಲೊ ಲೊಂಗೊ ಮತ್ತು ವಿಧವೆ ಕೌಂಟೆಸ್ ಮರಿಯಾನ್ನಾ ದೆ ಫುಸ್ಕೊ ಮೊದಲು ಜೊತೆಗೂಡಿ ಸೇವೆ ಮಾಡಿದವರು, 1885ರಲ್ಲಿ ಮದುವೆಯಾದರು. ಪಾದ್ರಿಯಲ್ಲ, ಸನ್ಯಾಸಿನಿಯಲ್ಲ. ಬಡ ರೈತರಿಗೆ ಜಪಮಾಲೆ ಕಲಿಸುತ್ತಾ ಶುರುವಾದ ಕೆಲಸ ಮುಂದೆ ಅನಾಥ ಮಕ್ಕಳ, ಕೈದಿಗಳ ಮಕ್ಕಳ ಆಶ್ರಮಗಳವರೆಗೆ ಬೆಳೆಯಿತು. ಪೀಠದ ಮೇಲಿರುವ ಜಪಮಾಲೆ ಮಾತೆಯ ಚಿತ್ರ 1875ರ ನವೆಂಬರಿನಲ್ಲಿ ಊರಿಗೆ ಬಂದದ್ದು ಗೊಬ್ಬರದ ಗಾಡಿಯಲ್ಲಿ. ಲೊಂಗೊ ಅವರನ್ನು 2025ರ ಅಕ್ಟೋಬರಿನಲ್ಲಿ ಸಂತರೆಂದು ಘೋಷಿಸಲಾಯಿತು. ಇಲ್ಲಿಗೆ ಅರ್ಧ ದಿನವಾದರೂ ಬೇಕು.

ಆ ಅರ್ಧ ದಿನ ಹೊಂದಿಸುವುದು ಸುಲಭ. ನೇಪಲ್ಸ್‌ನ ಬಿಡುವಿನ ದಿನ ನೀವೇ ರೈಲಿನಲ್ಲಿ ಹೋಗಿ. ಆದರೆ ಚಿರ್ಕುಮ್‌ವೆಸುವಿಯಾನಾ ಲೈನಿನ ಸೊರೆಂತೊ ಗಾಡಿ ಹತ್ತಿದರೆ ಅದು ಇಳಿಸುವುದು 'ಪೊಂಪೇಯಿ ಸ್ಕಾವಿ'ಯಲ್ಲಿ, ಅಂದರೆ ಹಾಳುಪಟ್ಟಣದ ಬಾಗಿಲಲ್ಲಿ. ಅಲ್ಲಿಂದ ಕ್ಷೇತ್ರಕ್ಕೆ ಬಿಸಿಲಲ್ಲಿ ನಡೆಯಬೇಕು. ಪೊಜ್ಜೊಮರೀನೊ ಕಡೆಯ ಗಾಡಿಯಾದರೆ 'ಪೊಂಪೇಯಿ ಸಂತುವಾರಿಯೊ' ನಿಲ್ದಾಣ ಸಿಗುತ್ತದೆ.

ನೇಪಲ್ಸ್ ಹತ್ತಿರದ ಪೊಜ್ಜುವೊಲಿಯನ್ನು ಪಟ್ಟಿಯಲ್ಲಿ ಇಟ್ಟದ್ದು ಜಾಣತನ. ಸಂತ ಪೌಲರು ಹಡಗಿಳಿದು ಏಳು ದಿನ ಸಹೋದರರ ಜೊತೆ ತಂಗಿದ ಪುತೆಯೋಲಿ ಇದೇ. ಬಂದರಿನ ಹತ್ತಿರ ರೋಮನ್ ಮಾರುಕಟ್ಟೆಯ ಮೂರು ಅಮೃತಶಿಲೆ ಕಂಬ ನಿಂತಿವೆ. ಮೇಲೆ, ತಲೆಗಿಂತ ಎತ್ತರದಲ್ಲಿ, ಕಡಲ ಚಿಪ್ಪುಜೀವಿ ಕೊರೆದ ತೂತುಗಳ ಪಟ್ಟಿ ಕಾಣುತ್ತದೆ. ಜ್ವಾಲಾಮುಖಿಯ ಒತ್ತಡಕ್ಕೆ ಇಲ್ಲಿಯ ನೆಲ ಕುಸಿದು ಕಡಲಿಗಿಳಿದು, ಮತ್ತೆ ಎದ್ದಿದೆ. ಈಗಲೂ ಭೂಕಂಪ ಆಗುತ್ತಿರುವುದರಿಂದ ಕೆಲವು ಜಾಗ ದಿಢೀರ್ ಮುಚ್ಚುತ್ತವೆ. ಹಿಂದಿನ ದಿನ ವಿಚಾರಿಸಿ. ಪಟ್ಟಿಯಲ್ಲಿ ಇಲ್ಲಿಯ ಭೇಟಿ ಮಧ್ಯಾಹ್ನ 1 ಗಂಟೆಗಿದೆ. ದಕ್ಷಿಣದಲ್ಲಿ ಹೆಚ್ಚಿನ ಸಣ್ಣ ಚರ್ಚುಗಳು ಹನ್ನೆರಡೂವರೆ-ಒಂದಕ್ಕೆ ಬಾಗಿಲು ಹಾಕಿದರೆ ತೆರೆಯುವುದು ನಾಲ್ಕರ ಮೇಲೆ.

ಊಟದ ಬಗ್ಗೆ ಇಷ್ಟೇ: ರಾತ್ರಿ ಊಟದ ಹೋಟೆಲುಗಳು ಸಾಮಾನ್ಯವಾಗಿ ಏಳೂವರೆಗೆ ಮೊದಲು ತೆರೆಯವು, ತಲೆಗಿಷ್ಟು ಎಂದು 'ಕೊಪೆರ್ತೊ' ಬಿಲ್ಲಿಗೆ ಸೇರುತ್ತದೆ. ಬಾರಿಯ 'ತಿಯೆಲ್ಲಾ' ಅಂದರೆ ಅಕ್ಕಿ, ಬಟಾಟೆ, ನೀಲಿಕಲ್ಲು (ಕಡಲ ಚಿಪ್ಪುಜೀವಿ) ಪದರಪದರವಾಗಿ ಬೇಯಿಸಿದ್ದು. ಅನ್ನ ಬಿಟ್ಟಿರಲಾಗದವರಿಗೆ ಅದೇ ಆಸರೆ.

ಮುಂಗಡ ಕೊಡುವ ಮೊದಲು ಮೂರು ವಿಷಯ ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ: ಪೊಜ್ಜುವೊಲಿ ಬೆಳಿಗ್ಗೆ, ಗಾರ್ಗಾನೊದಲ್ಲಿ ಮೊದಲು ಹೊಸ ಚರ್ಚು, ತಂಗುವ ಕಾನ್ವೆಂಟ್ ವಸತಿಗೃಹದಲ್ಲಿ ರಾತ್ರಿ ಗೇಟು ಹಾಕುವ ಹೊತ್ತು.