ಅಗಸೆ ಎಣ್ಣೆಗೆ ಹೆಪ್ಪು: ಕೋಬಾಲ್ಟ್ ಡ್ರೈಯರ್ ಬಳಸಿ ನೋಡಿದೆ

ಸಾಗರದ ಹತ್ತಿರದ ನಮ್ಮ ಹಳೆಯ ಮನೆಗೆ ಹಲಸಿನ ಮರದ ಹೆಬ್ಬಾಗಿಲು. ಎರಡು ವರ್ಷಕ್ಕೊಮ್ಮೆ ಅದಕ್ಕೆ ಅಗಸೆ ಎಣ್ಣೆ ಹಚ್ಚುವುದು ನನ್ನ ಪಾಲಿನ ಕೆಲಸ. ಕಳೆದ ಸಲ ಮಳೆ ಬಿಡದ ಸೆಪ್ಟೆಂಬರಿನಲ್ಲಿ ಹಸಿ ಎಣ್ಣೆಯನ್ನೇ ಹಚ್ಚಿದ್ದೆ. ವಾರ ಕಳೆದರೂ ಅಂಟು ಹೋಗಲಿಲ್ಲ. ಅಮ್ಮ ಹೊಸಿಲಿಗೆ ಇಟ್ಟ ಕುಂಕುಮ ಎಣ್ಣೆಯೊಳಗೆ ಇಳಿದು ಕಲೆಯಾಯಿತು. ದೀಪಕ್ಕೆ ಬಂದ ಹುಳುಗಳ ರೆಕ್ಕೆ ದಾರಂದಕ್ಕೆ ಅಂಟಿಕೊಂಡಿತು. ಅದಕ್ಕೇ ಈ ಸಲ ಶಿವಮೊಗ್ಗದ ಬಣ್ಣದ ಅಂಗಡಿಯಿಂದ 100 ಮಿ.ಲೀ. ಕೋಬಾಲ್ಟ್ ಡ್ರೈಯರ್ ತಂದೆ. ಎಣ್ಣೆ ಬೇಗ ಗಟ್ಟಿಯಾಗಲೆಂದು ಬೆರೆಸುವ, ಕೋಬಾಲ್ಟ್ ಲೋಹವಿರುವ, ನೇರಳೆ ಬಣ್ಣದ, ಸೀಮೆಎಣ್ಣೆಯಂತೆ ನಾರುವ ದ್ರವ.

ಬಾಟಲಿಯ ಮೇಲೆ ಕೋಬಾಲ್ಟ್ ಶೇ 6 ಎಂದಿದೆ. ಎಷ್ಟು ಬೆರೆಸಬೇಕು ಎಂಬಲ್ಲಿ ‘ಅಗತ್ಯಕ್ಕೆ ತಕ್ಕಷ್ಟು’ ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ನನಗೆ ನಿಜಕ್ಕೂ ಸಿಟ್ಟು ಬಂತು, ಏಕೆಂದರೆ ಈ ವಸ್ತುವಿನಲ್ಲಿ ಅಳತೆಯೇ ಎಲ್ಲ. ಅಗಸೆ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಕೋಬಾಲ್ಟ್ ಅದನ್ನು ಚುರುಕುಗೊಳಿಸುತ್ತದೆ, ಹಾಲಿಗೆ ಹಾಕುವ ಹೆಪ್ಪಿನ ಹಾಗೆ. (ತೆಂಗಿನೆಣ್ಣೆಗೆ ಎಷ್ಟು ಸುರಿದರೂ ಪ್ರಯೋಜನವಿಲ್ಲ, ಅದು ಗಟ್ಟಿಯಾಗುವ ಜಾತಿಯ ಎಣ್ಣೆಯಲ್ಲ.) ಎಣ್ಣೆಯ ತೂಕದ ಶೇ 0.05ರಿಂದ 0.1ರಷ್ಟು ಕೋಬಾಲ್ಟ್ ಸಾಕು. ಲೆಕ್ಕ ಹಾಕಿದರೆ ಅರ್ಧ ಲೀಟರ್ ಎಣ್ಣೆಗೆ ಶೇ 6ರ ಈ ಡ್ರೈಯರ್ ಸುಮಾರು 5 ಮಿ.ಲೀ.

ಬಾಗಿಲಿಗೆ ಮುಟ್ಟಿಸುವ ಮೊದಲು ಹಲಸಿನ ಮೂರು ತುಂಡುಗಳ ಮೇಲೆ ಹಚ್ಚಿ ನೋಡಿದೆ. ಬರಿಯ ಎಣ್ಣೆಯ ತುಂಡು ಐದನೆಯ ದಿನವೂ ಬೆರಳಿಗೆ ಅಂಟುತ್ತಿತ್ತು. ಸಿರಿಂಜಿನಲ್ಲಿ ಅಳೆದು ಬೆರೆಸಿದ್ದು ಮರುದಿನ ಬೆಳಿಗ್ಗೆಗೆ ಆರಿತ್ತು. ಮೂರನೆಯದಕ್ಕೆ ಬೇಕೆಂದೇ ಮೂರು ಪಟ್ಟು ಬೆರೆಸಿ ದಪ್ಪಗೆ ಬಳಿದಿದ್ದೆ. ಅದು ಸಂಜೆಯೊಳಗೆ ಆರಿದಂತೆ ಕಂಡಿತು. ಉಗುರಿನಿಂದ ಒತ್ತಿದರೆ ಕಾಸಿದ ಹಾಲಿನ ಕೆನೆಯಂತೆ ಮೇಲ್ಪದರ ಸುಕ್ಕುಗಟ್ಟಿ ಜರುಗಿತು, ಅಡಿಯಲ್ಲಿ ಹಸಿ ಎಣ್ಣೆ ಹಾಗೆಯೇ ಇತ್ತು. ಕೋಬಾಲ್ಟ್ ಮೊದಲು ಮೇಲ್ಮೈಯನ್ನು ಬಿಗಿಯುತ್ತದೆ. ಮೇಲೆ ಬಾಗಿಲು ಹಾಕಿದ ಮೇಲೆ ಒಳಕ್ಕೆ ಗಾಳಿ ಎಲ್ಲಿಂದ ಬರಬೇಕು?

ಬಾಗಿಲಿಗೆ ತೆಳ್ಳಗೆ ಎರಡು ಕೈ ಹಚ್ಚಿ, ಕಾಲು ಗಂಟೆಯ ನಂತರ ಉಳಿದದ್ದನ್ನು ಒರೆಸಿದೆ. ಹಲಗೆಗಳು ಚೆನ್ನಾಗಿ ಬಂದಿವೆ, ಹಲಸಿನ ಹಳದಿ ಮಿನುಗುತ್ತಿದೆ. ಮೇಲಿನ ಕೆತ್ತನೆಯ ಕಮಲದ ದಳಗಳ ಸಂದಿಯಲ್ಲಿ ಮಾತ್ರ ಎಣ್ಣೆ ನಿಂತು ಸಣ್ಣಗೆ ಸುಕ್ಕಾಗಿದೆ. ಅಲ್ಲಿ ಒಣ ಕುಂಚದಿಂದ ಎಣ್ಣೆ ಎತ್ತಬೇಕಿತ್ತು.

ಎರಡು ಎಚ್ಚರಿಕೆ. ಅಂಗಡಿಯಲ್ಲಿ ‘ಬಾಯ್ಲ್ಡ್’ ಎಂದು ಮಾರುವ ಅಗಸೆ ಎಣ್ಣೆಯಲ್ಲಿ ಸಾಮಾನ್ಯವಾಗಿ ಡ್ರೈಯರ್ ಮೊದಲೇ ಇರುತ್ತದೆ, ಅದಕ್ಕೆ ಮತ್ತೆ ಬೆರೆಸಬೇಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಎಣ್ಣೆ ಗಟ್ಟಿಯಾಗುವಾಗಿನ ಬಿಸಿ ಒಳಗೇ ಕೂಡಿ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ನಾನು ಹರಡಿ ಒಣಗಿಸಿದೆ. ಕೈಗವಸು ಹಾಕಿಕೊಳ್ಳಿ, ಮಕ್ಕಳಿಂದ ದೂರವಿಡಿ.

ಡ್ರೈಯರ್ ಒಳ್ಳೆಯದೇ, ಮತ್ತೆ ಬಳಸುತ್ತೇನೆ. ಹಣೆಪಟ್ಟಿಯ ಮೇಲೆ ಮಾತ್ರ ಕಾಗದ ಅಂಟಿಸಿ ಬರೆದಿಟ್ಟಿದ್ದೇನೆ: ಅರ್ಧ ಲೀಟರಿಗೆ 5 ಮಿ.ಲೀ., ತೆಳ್ಳಗೆ ಹಚ್ಚುವುದು.