ಕೂಲ್ಡ್ ಗ್ಲೋವ್ ಬಾಕ್ಸ್, ಪೆಲ್ಟಿಯರ್ ಡಬ್ಬಿ, ಐಸ್ ಬಾಕ್ಸ್: ವಿಜಯಪುರದ ಬಿಸಿಲಿಗೆ ಯಾವುದು ತಡೆಯುತ್ತೆ?

ಕೂಲ್ಡ್ ಗ್ಲೋವ್ ಬಾಕ್ಸ್, ಅಂದರೆ ಮುಂದಿನ ಸೀಟಿನ ಎದುರು ಡ್ಯಾಶ್‌ಬೋರ್ಡಿನಲ್ಲಿರೋ ತಂಪು ಪೆಟ್ಟಿಗೆ, ಕಾರಿನೊಳಗೊಂದು ಸಣ್ಣ ಫ್ರಿಜ್ ಅಂತ ತಿಳಿದವರು ಬಹಳ ಜನ. ಶೋರೂಮ್‌ನವರೂ ಆ ನಂಬಿಕೆ ಮುರಿಯಲು ಹೋಗುವುದಿಲ್ಲ. ಮುಚ್ಚಳ ತೆಗೆದು, "ಕೈ ಇಟ್ಟು ನೋಡ್ರಿ ಸರ್, ತಣ್ಣಗೈತಿ ಅಲ್ಲ?" ಅನ್ನುತ್ತಾರೆ. ತಣ್ಣಗೇ ಇರುತ್ತದೆ. ಕಾರು ನೆರಳಲ್ಲಿ ನಿಂತಿರುತ್ತದೆ, ಎಸಿ ಪೂರ್ತಿ ಹಾಕಿರುತ್ತಾರೆ. ಮೇ ತಿಂಗಳ ಮಧ್ಯಾಹ್ನ ವಿಜಯಪುರದ ರಸ್ತೆಯಲ್ಲಿ ಹಾಗಿರಲ್ಲ.

ನಮ್ಮ ಮನೆಯ ಕಾರಿನಲ್ಲಿ ತಂಪಾಗಿ ಹೋಗಬೇಕಾದದ್ದು ಮೂರು ವಸ್ತು. ಕುಡಿಯೋ ನೀರು, ಅವ್ವನ ಇನ್ಸುಲಿನ್, ಕೊಲ್ಹಾರದ ಮೊಸರು. ಅಕ್ಕ ಇರುವುದು ಹುಬ್ಬಳ್ಳಿಯಲ್ಲಿ. ಹೆದ್ದಾರಿ 52ರಲ್ಲಿ ಹೋಗುವಾಗ ಕೊಲ್ಹಾರದಲ್ಲಿ ನಿಲ್ಲಿಸಿ ಮಣ್ಣಿನ ಗಡಿಗೆಯ ಗಟ್ಟಿ ಮೊಸರು ತಗೊಳ್ಳದೆ ಮುಂದೆ ಹೋದರೆ ಆಕೆ ಬಾಗಿಲಲ್ಲೇ ಮಾತು ಬಿಡುತ್ತಾಳೆ. ಈ ಮೂರರ ಬೇಡಿಕೆಯೂ ಬೇರೆ ಬೇರೆ. ನೀರು ಬೆಚ್ಚಗಾದರೆ ಬೇಸರ, ಅಷ್ಟೇ. ಮೊಸರು ಕಾದರೆ ಹುಳಿ. ಮೊಸರು ಹೆಪ್ಪುಗಟ್ಟಲು ಬೇಕಾದ ಶಾಖ 40ರಿಂದ 45 ಡಿಗ್ರಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅಷ್ಟು ಶಾಖ ಪುಕ್ಕಟೆ ಸಿಗುತ್ತದೆ, ಹಾಗಾಗಿ ಒಳಗಿನ ಬ್ಯಾಕ್ಟೀರಿಯಾ ಕೆಲಸ ಮುಂದುವರಿಸಿಯೇ ಬಿಡುತ್ತವೆ. ಇನ್ಸುಲಿನ್ ಎಲ್ಲಕ್ಕಿಂತ ನಾಜೂಕು. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಳಸುತ್ತಿರುವ ಇನ್ಸುಲಿನ್ ಪೆನ್ನು (ಚುಚ್ಚಿಕೊಳ್ಳೋದು) ಸಾಮಾನ್ಯವಾಗಿ 30 ಡಿಗ್ರಿಯೊಳಗೆ ನಾಲ್ಕು ವಾರ ತಡೆಯುತ್ತದೆ. ಇನ್ಸುಲಿನ್ ಐಸಿನಂತೆ ಹೆಪ್ಪುಗಟ್ಟಿತೋ, ಚೆಲ್ಲಲೇಬೇಕು, ಕರಗಿದ ಮೇಲೂ ಉಪಯೋಗವಿಲ್ಲ.

ಒಂದು ಅಗ್ಗದ ಡಿಜಿಟಲ್ ಥರ್ಮಾಮೀಟರ್ ತಗೊಂಡು, ಇದ್ದದ್ದು, ಕೊಂಡದ್ದು, ಕೇಳಿ ತಂದದ್ದು ಎಲ್ಲವನ್ನೂ ಈ ಬೇಸಿಗೆಯಲ್ಲಿ ಇದೇ ದಾರಿಯಲ್ಲಿ ಹಚ್ಚಿ ನೋಡಿದೆ.

ಮೊದಲು ಕಾರಿನ ಜೊತೆಗೇ ಬಂದ ಗ್ಲೋವ್ ಬಾಕ್ಸ್. ಒಳಗೆ ಎಡಮೂಲೆಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಕಿಂಡಿ ಇದೆ, ಅದಕ್ಕೊಂದು ತಿರುಗಿಸೋ ಮುಚ್ಚಳ. ಎಸಿಯ ತಣ್ಣನೆ ಗಾಳಿಯಲ್ಲಿ ಸ್ವಲ್ಪ ಪಾಲು ಒಂದು ಪೈಪಿನಲ್ಲಿ ಇಲ್ಲಿಗೆ ಬರುತ್ತದೆ. ಇಷ್ಟೇ ಇದರ ಯಂತ್ರ. ಬೇರೆ ಕಂಪ್ರೆಸರ್ ಇಲ್ಲ, ಬೇರೆ ಗ್ಯಾಸ್ ಇಲ್ಲ. ಗೋಡೆಗಳಿಗೆ ಥರ್ಮಾಕೋಲ್‌ನಂಥ ಹೊದಿಕೆಯೂ ಇಲ್ಲ, ಬರೀ ತೆಳು ಪ್ಲಾಸ್ಟಿಕ್. ನೆಕ್ಸಾನ್, ಕ್ರೆಟಾದಂಥ ಕಾರುಗಳ ಗ್ಲೋವ್ ಬಾಕ್ಸ್ ಆಗಲಿ, ಇನ್ನೋವಾ ಕ್ರಿಸ್ಟಾದ ಮೇಲಿನ ಪೆಟ್ಟಿಗೆ ಆಗಲಿ, ತತ್ವ ಒಂದೇ. ಎರ್ಟಿಗಾದಲ್ಲಿ ಇದೇ ಗಾಳಿ ಗೇರ್ ಮುಂದಿನ ಎರಡು ಲೋಟದ ಗುಳಿಗೆ ಬರುತ್ತದೆ. ಅಕ್ಕನ ಗಂಡನ ಎರ್ಟಿಗಾದಲ್ಲಿ ಕೂತಾಗ ನನಗೆ ಅದೇ ಹೆಚ್ಚು ಹಿಡಿಸಿತು. ಕುಡಿಯುತ್ತಿರೋ ಬಾಟಲಿ ಕೈಗೆ ಸಿಗೋ ಜಾಗದಲ್ಲೇ ತಣ್ಣಗಿರುತ್ತದೆ. ಗ್ಲೋವ್ ಬಾಕ್ಸ್ ತೆಗೆಯಲು ಪಕ್ಕದವರ ಮೊಣಕಾಲು ಸರಿಸಬೇಕು.

ಮನೆಯ ಫ್ರಿಜ್ಜಿನಿಂದ ತಂದ ಬಾಟಲಿಯನ್ನು ಗ್ಲೋವ್ ಬಾಕ್ಸ್‌ನಲ್ಲಿಟ್ಟರೆ ಗದ್ದನಕೇರಿ ಕ್ರಾಸ್‌ವರೆಗೂ ಚೆನ್ನಾಗಿಯೇ ತಣ್ಣಗಿತ್ತು. ಸೀಟಿನ ಮೇಲಿಟ್ಟದ್ದು ಅಷ್ಟರಲ್ಲಿ ಸಾದಾ ನೀರಾಗಿತ್ತು. ಆದರೆ ಅಂಗಡಿಯಲ್ಲಿ ಬಿಸಿಲಿಗೆ ಕಾದು ಕೂತ ಬಾಟಲಿ ತಗೊಂಡು ಇಟ್ಟರೆ, ಕೆರೂರು ಬಂದರೂ ಅದು ತಣ್ಣಗಾಗಲಿಲ್ಲ. ಬಿಸಿ ಕಡಿಮೆಯಾಯಿತು ಅಷ್ಟೆ. ಅಂದರೆ ಇದು ತಂಪು ಮಾಡೋ ಪೆಟ್ಟಿಗೆ ಅಲ್ಲ, ಇದ್ದ ತಂಪನ್ನು ಎಸಿ ಓಡುವಷ್ಟು ಹೊತ್ತು ಕಾಪಾಡೋ ಪೆಟ್ಟಿಗೆ. ಮಕ್ಕಳ ಚಾಕಲೇಟು ಕರಗದೆ ಉಳಿಯಿತು, ಅದನ್ನು ಒಪ್ಪಬೇಕು. ಹೊರಗಿನ ಗಾಳಿ ಬಂದ್ ಮಾಡಿ ಒಳಗಿನ ಗಾಳಿಯನ್ನೇ ತಿರುಗಿಸೋ ಗುಂಡಿ ಒತ್ತಿದರೆ ಪೆಟ್ಟಿಗೆಯೂ ಇನ್ನಷ್ಟು ತಂಪಾಗುತ್ತದೆ.

ಸೋತದ್ದು ಬಾದಾಮಿಯಲ್ಲಿ. ಕುಳಗೇರಿ ಕ್ರಾಸ್‌ನಿಂದ ತಿರುಗಿ, ಗುಹೆ ನೋಡಲು ಕಾರು ಬಿಸಿಲಲ್ಲೇ ನಿಲ್ಲಿಸಿದೆವು. ಮೇಲೆ ಹತ್ತಿ, ಇಳಿದು, ಅಗಸ್ತ್ಯ ತೀರ್ಥದ ಕಡೆ ಒಂದು ಸುತ್ತು ಹಾಕಿ ಬಂದು ಗ್ಲೋವ್ ಬಾಕ್ಸ್ ತೆಗೆದರೆ ಒಳಗಿನ ಗಾಳಿ ಮುಖಕ್ಕೆ ಹೊಡೆಯಿತು. ಥರ್ಮಾಮೀಟರ್ 50ರ ಹತ್ತಿರ ತೋರಿಸುತ್ತಿತ್ತು. ಇಂಜಿನ್ ಆಫ್ ಆದರೆ ಎಸಿ ಆಫ್, ಎಸಿ ಆಫ್ ಆದರೆ ಅದು ಕಾದ ಡ್ಯಾಶ್‌ಬೋರ್ಡಿನ ಕೆಳಗಿರೋ ಒಂದು ಪ್ಲಾಸ್ಟಿಕ್ ಡಬ್ಬಿ. ಪುಣ್ಯಕ್ಕೆ ಇನ್ಸುಲಿನ್ ಅವ್ವನ ಕೈಚೀಲದಲ್ಲಿತ್ತು. ಔಷಧ ಇಡೋ ಜಾಗ ಇದಲ್ಲವೇ ಅಲ್ಲ. ಮೊಸರಿನ ಗಡಿಗೆಯಂತೂ ಇಲ್ಲಿ ನೆಟ್ಟಗೆ ನಿಲ್ಲುವುದೇ ಇಲ್ಲ. ಇನ್ನೊಂದು ಮಾತು. ಮಳೆಗಾಲದಲ್ಲಿ ಆ ಕಿಂಡಿ ಮುಚ್ಚಿಡಿ. ತಣ್ಣನೆ ಗೋಡೆಗೆ ತೇವದ ಗಾಳಿ ತಾಗಿ ನೀರು ಕೂಡುತ್ತದೆ, ಆರ್‌ಸಿ, ಇನ್ಶೂರೆನ್ಸ್ ಕಾಗದ ಎಲ್ಲ ಮೆತ್ತಗಾಗುತ್ತವೆ.

ಎರಡನೆಯದು ಆನ್‌ಲೈನ್‌ನಲ್ಲಿ ನಾಲ್ಕೈದು ಸಾವಿರಕ್ಕೆ ಸಿಗೋ "ಕಾರ್ ಫ್ರಿಜ್". ಸಿಗರೇಟ್ ಲೈಟರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸೋದು. ಇವುಗಳಲ್ಲಿ ಬಹುಪಾಲು ಪೆಲ್ಟಿಯರ್ ಡಬ್ಬಿಗಳು. 1834ರಲ್ಲಿ ಫ್ರಾನ್ಸಿನ ಜೀನ್ ಪೆಲ್ಟಿಯರ್ ಕಂಡುಕೊಂಡ ಸಂಗತಿ ಇದು: ಬೇರೆ ಬೇರೆ ಎರಡು ಲೋಹ ಕೂಡಿಸಿ ಕರೆಂಟ್ ಹರಿಸಿದರೆ ಒಂದು ಬೆಸುಗೆ ತಣ್ಣಗಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ. ಈಗ ಲೋಹದ ಬದಲು ಅರೆವಾಹಕದ (ಸೆಮಿಕಂಡಕ್ಟರ್) ಒಂದು ತೆಳು ಬಿಲ್ಲೆ ಹಾಕಿರುತ್ತಾರೆ. ತಣ್ಣನೆ ಮುಖ ಡಬ್ಬಿಯ ಒಳಗೆ, ಬಿಸಿ ಮುಖ ಹೊರಗೆ, ಅದಕ್ಕೊಂದು ಫ್ಯಾನ್.

ಇದರ ಹಣೆಬರಹವೆಲ್ಲ ರಟ್ಟಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದ ಒಂದು ಸಾಲಿನಲ್ಲಿದೆ. "ಸುತ್ತಲಿನ ಉಷ್ಣತೆಗಿಂತ 15ರಿಂದ 20 ಡಿಗ್ರಿ ಕಡಿಮೆ." ಬೆಂಗಳೂರಿನವರು ಇದನ್ನು ಓದಿ ಹೊಗಳಿ ಬರೆದರೆ ಅವರದೇನೂ ಸುಳ್ಳಲ್ಲ. ಅಲ್ಲಿ 28 ಇದ್ದರೆ ಡಬ್ಬಿಯೊಳಗೆ 10. ನಮ್ಮಲ್ಲಿ 42. ಇಪ್ಪತ್ತು ಕಳೆದರೂ ಉಳಿಯೋದು 22. ಅದು ಫ್ರಿಜ್ಜಿನ ತಂಪಲ್ಲ, ನಮ್ಮೂರಿನ ಡಿಸೆಂಬರ್ ತಂಪು.

ಇಲ್ಲೇ ಒಂದು ಉಪಾಯವೂ ಸಿಕ್ಕಿತು. ಸುತ್ತಲಿನ ಉಷ್ಣತೆ ಅಂದರೆ ಊರಿನದಲ್ಲ, ಆ ಫ್ಯಾನಿನ ಸುತ್ತಲಿನದು. ಡಬ್ಬಿಯನ್ನು ಡಿಕ್ಕಿಯಲ್ಲಿಟ್ಟಾಗ ಒಳಗೆ 24 ಇತ್ತು. ಅದನ್ನೇ ಹಿಂದಿನ ಸೀಟಿನ ಮೇಲೆ, ಎಸಿ ಗಾಳಿ ಬರೋ ಕಡೆ ಇಟ್ಟು, ಬೆಲ್ಟ್ ಕಟ್ಟಿ ಕೂರಿಸಿದಾಗ 11ಕ್ಕೆ ಇಳಿಯಿತು. ಪೆಲ್ಟಿಯರ್ ತಗೊಂಡವರು ಇಷ್ಟನ್ನಾದರೂ ಮಾಡಿ. ಫ್ಯಾನಿನ ಬಾಯಿಗೆ ಚೀಲ, ಟವಲ್ಲು ಒತ್ತಿ ಇಡಬೇಡಿ. ಮೊದಲೇ ತಣ್ಣಗಿರೋ ವಸ್ತುವನ್ನೇ ಹಾಕಿ, ಯಾಕೆಂದರೆ ಇದು ಬಹಳ ನಿಧಾನ. ಕರೆಂಟ್ ಹರಿಯೋ ದಿಕ್ಕು ಬದಲಿಸಿದರೆ ಇದೇ ಡಬ್ಬಿ ಬಿಸಿ ಪೆಟ್ಟಿಗೆ ಆಗುತ್ತದೆ. ಅದಕ್ಕೊಂದು ಸ್ವಿಚ್ ಇದೆ, ಅದೂ ಸರಿಯಾಗಿ ಮಕ್ಕಳ ಕೈಗೆ ಸಿಗೋ ಜಾಗದಲ್ಲಿ. ನಾವು ಅದರ ಮೇಲೆ ಟೇಪ್ ಹಚ್ಚಿದೆವು.

ನಿಲ್ಲಿಸಿದ ಕಾರಿನಲ್ಲಿ ಇದರ ಪಾಡೂ ಗ್ಲೋವ್ ಬಾಕ್ಸಿನದೇ. ಬಹಳಷ್ಟು ಕಾರುಗಳಲ್ಲಿ ಕೀ ತೆಗೆದರೆ ಸಾಕೆಟ್ ಬಂದ್. ಬಂದ್ ಆಗದಿದ್ದರೆ ಇನ್ನೂ ಕಷ್ಟ. ಡಬ್ಬಿ ಎಳೆಯೋದು 4 ಆಂಪಿಯರ್ ಆಸುಪಾಸು, ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್ ಆಸುಪಾಸು. ರಾತ್ರಿ ಮರೆತು ಮಲಗಿದರೆ ಬೆಳಿಗ್ಗೆ ಓಣಿಯವರೆಲ್ಲ ಸೇರಿ ಕಾರು ನೂಕಬೇಕು. ಆ ಸಲದ ಮೊಸರು ಅಕ್ಕನ ಕೈ ಸೇರಿದಾಗ ಬಂದ ತೀರ್ಪು: "ಇದನ್ನ ಮಜ್ಜಿಗಿ ಮಾಡೂದೇ ಚಲೋ ತಮ್ಮಾ."

ಕಂಪ್ರೆಸರ್ ಫ್ರಿಜ್ ನಾನು ಕೊಂಡದ್ದಲ್ಲ. ಗೆಳೆಯನೊಬ್ಬ ದನದ ಡಾಕ್ಟರು. ಲಸಿಕೆ ಒಯ್ಯಲು ಸ್ವಂತ ದುಡ್ಡಿನಲ್ಲಿ ತಗೊಂಡಿದ್ದಾನೆ, ಅವನಿಂದ ಕೇಳಿ ತಂದೆ. ಇದು ಮಾತ್ರ ನಿಜವಾದ ಫ್ರಿಜ್. ಮನೆಯದರಂತೆ ಗ್ಯಾಸ್, ಕಂಪ್ರೆಸರ್ ಎಲ್ಲ ಇದೆ. ನಾಲ್ಕು ಡಿಗ್ರಿ ಅಂತ ಒತ್ತಿದರೆ ನಾಲ್ಕಕ್ಕೇ ನಿಲ್ಲುತ್ತದೆ, ಹೊರಗೆ ಬಿಸಿಲು ಎಷ್ಟಿದ್ದರೂ. ಬೇಕಾದರೆ ಸೊನ್ನೆಗಿಂತ ಕೆಳಗಿಳಿದು ಐಸ್ ಕಟ್ಟುತ್ತದೆ. ಕಂಪ್ರೆಸರ್ ಓಡುವಾಗ 50 ವಾಟ್ ಆಸುಪಾಸು ಎಳೆದರೂ, ತಂಪಾದ ಮೇಲೆ ತಾನೇ ನಿಲ್ಲುತ್ತದೆ. ಪೆಲ್ಟಿಯರ್ ಹಾಗಲ್ಲ, ಸುಮ್ನೆ ಎಳೆಯುತ್ತಲೇ ಇರುತ್ತದೆ. ಬ್ಯಾಟರಿ ಇಳಿಯುತ್ತಿದ್ದರೆ ತಾನಾಗಿ ಬಂದ್ ಆಗೋ ವ್ಯವಸ್ಥೆಯೂ ಇದೆ. ಗೆಳೆಯ ಬ್ಯಾಟರಿಗೆ ನೇರ ವೈರ್ ಎಳೆಸುವ ಕಿಟ್ ಕೊಟ್ಟಿದ್ದ. ಹಾಗಾಗಿ ಬಾದಾಮಿಯ ಅದೇ ಬಿಸಿಲಲ್ಲಿ ಕಾರು ನಿಂತಿದ್ದಾಗಲೂ ಒಳಗೆ 5 ಇತ್ತು. ಮೊಸರು ಹುಬ್ಬಳ್ಳಿ ಮುಟ್ಟಿದಾಗ ಚಮಚ ನೆಟ್ಟಗೆ ನಿಲ್ಲುತ್ತಿತ್ತು.

ಮತ್ತೆ ತೊಂದರೆ ಏನು? ದುಡ್ಡು. ಸಣ್ಣದಕ್ಕೇ ಹದಿನೈದು ಇಪ್ಪತ್ತು ಸಾವಿರ. ತೂಕ ಹತ್ತು ಕಿಲೋ ದಾಟುತ್ತದೆ, ನಮ್ಮಂಥ ಸಣ್ಣ ಕಾರಿನ ಡಿಕ್ಕಿ ಅರ್ಧ ಮುಗಿಯಿತು. ವರ್ಷಕ್ಕೆ ನಾಲ್ಕು ಸಲ ಹುಬ್ಬಳ್ಳಿಗೆ ಹೋಗೋರು ಇದನ್ನು ಕೊಂಡರೆ ಹೆಂಡತಿಗೆ ಉತ್ತರ ಕೊಡೋದು ಕಷ್ಟ. ದಿನಾ ಲಸಿಕೆ, ಔಷಧ ಒಯ್ಯೋರಿಗೆ ಮಾತ್ರ ಕಣ್ಣು ಮುಚ್ಚಿ ಹೇಳುತ್ತೇನೆ.

ಇನ್ನು ಐಸ್ ಬಾಕ್ಸ್. ಸಾವಿರ, ಸಾವಿರದೈನೂರಕ್ಕೆ ಸಿಗೋ, ದಪ್ಪ ಗೋಡೆಯ, ಹಿಡಿಕೆಯಿರೋ ಡಬ್ಬಿ. ವೈರ್ ಇಲ್ಲ, ಫ್ಯಾನ್ ಇಲ್ಲ. ಇದನ್ನು ನೋಡಿ ನಗುವವರಿಗೆ ಒಂದು ಲೆಕ್ಕ. ಒಂದು ಕಿಲೋ ಐಸ್ ಕರಗಿ ಸೊನ್ನೆ ಡಿಗ್ರಿಯ ನೀರಾಗಲು ಎಳೆದುಕೊಳ್ಳೋ ಶಾಖದಲ್ಲಿ, ಒಂದು ಕಿಲೋ ನೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ಅಷ್ಟು ಶಾಖ ಆ ದಪ್ಪ ಗೋಡೆ ದಾಟಿ ಒಳಗೆ ಬರಲು ಬಹಳ ಹೊತ್ತು ಬೇಕು. ಬಾದಾಮಿಯ ಬಿಸಿಲಲ್ಲಿ ಗ್ಲೋವ್ ಬಾಕ್ಸ್ 50 ತೋರಿಸಿದ ಹೊತ್ತಿಗೆ, ಸೀಟಿನ ಕೆಳಗಿದ್ದ ಇದು 7 ತೋರಿಸುತ್ತಿತ್ತು.

ಬಿಡಿ ಐಸ್ ಹಾಕಬೇಡಿ. ಕರಗಿದ ನೀರಿನಲ್ಲಿ ಮಣ್ಣಿನ ಗಡಿಗೆ ನಿಂತು ನೆನೆಯುತ್ತದೆ. ನಾವು ಒಂದು ಲೀಟರಿನ ಬಾಟಲಿಗಳಲ್ಲಿ ಕುತ್ತಿಗೆಯವರೆಗೆ ನೀರು ತುಂಬಿ ಹಿಂದಿನ ರಾತ್ರಿಯೇ ಫ್ರೀಜರಿಗೆ ಹಾಕುತ್ತೇವೆ. ಅಂಚಿಗೆ ಬಾಟಲಿ, ನಡುವೆ ಗಡಿಗೆ, ಸಂದಿಗೆ ಹಳೆ ಪೇಪರ್. ಬಾಟಲಿ ಕರಗಿದಂತೆಲ್ಲ ಅದೇ ಕುಡಿಯೋ ನೀರು.

ಇನ್ಸುಲಿನ್ ವಿಷಯದಲ್ಲಿ ಮಾತ್ರ ಐಸ್ ಬಾಕ್ಸೇ ಅಪಾಯ, ಹೆಪ್ಪುಗಟ್ಟಿದ ಬಾಟಲಿಗೆ ತಾಗಿದರೆ ಕೆಟ್ಟಿತು. ಇದಕ್ಕೆ ದಾರಿ ಹೇಳಿದ್ದು ನಮ್ಮ ಓಣಿಯ ನರ್ಸ್ ಅಕ್ಕ. ಆಕೆ ಲಸಿಕೆ ಒಯ್ಯೋ ನೀಲಿ ಡಬ್ಬಿಯಲ್ಲಿ ನಾಲ್ಕು ಐಸ್ ಪ್ಯಾಕ್ ಇರುತ್ತವೆ. ಫ್ರೀಜರಿನಿಂದ ತೆಗೆದ ಕೂಡಲೇ ಅವನ್ನು ಹಾಕುವುದಿಲ್ಲ. ಹೊರಗಿಟ್ಟು, ಅಲುಗಾಡಿಸಿದರೆ ಒಳಗೆ ಸ್ವಲ್ಪ ನೀರಾಡೋ ಸದ್ದು ಬರುವವರೆಗೆ ಕಾಯುತ್ತಾರೆ. ಆಗ ಅದು ಸೊನ್ನೆಗೆ ಬಂದಿರುತ್ತದೆ, ಲಸಿಕೆಯನ್ನು ಹೆಪ್ಪುಗಟ್ಟಿಸುವುದಿಲ್ಲ. ಈಗ ನಾವೂ ಹಾಗೇ ಬಾಟಲಿ ಅಲುಗಾಡಿಸಿ, ಇನ್ಸುಲಿನ್ನನ್ನು ಟವಲ್ಲಿನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮೇಲೆ ಇಡುತ್ತೇವೆ.

ಅವ್ವ ದಿನಾ ಬಳಸೋ ಪೆನ್ನಿಗೆ ಇದೂ ಬೇಡ. ನೀರಲ್ಲಿ ನೆನೆಸಿದರೆ ಒಳಗಿನ ಹರಳು ಉಬ್ಬೋ ಬಟ್ಟೆ ಚೀಲ ಸಿಗುತ್ತದೆ, ನೀರು ಆರುತ್ತಾ ಆರುತ್ತಾ ಪೆನ್ನು ತಂಪಾಗಿರುತ್ತದೆ. ಹಿಂದೆ ಜೀಪಿನ ಮುಂದೆ ಕ್ಯಾನ್ವಾಸ್ ನೀರಿನ ಚೀಲ ಕಟ್ಟುತ್ತಿದ್ದರಲ್ಲ, ಅದೇ ವಿದ್ಯೆ. ನಮ್ಮ ಒಣ ಬಿಸಿಲಿಗೆ ಹೇಳಿ ಮಾಡಿಸಿದ್ದು. ಬೆಳಗಾವಿಯ ಮಳೆಗಾಲದಲ್ಲಿ ನಡೆಯುವುದಿಲ್ಲ, ಗಾಳಿಯಲ್ಲೇ ತೇವ ತುಂಬಿದ್ದರೆ ನೀರು ಆರೋದು ಎಲ್ಲಿಂದ? ಅಲ್ಲಿ ಅದರ ಅಗತ್ಯವೂ ಅಷ್ಟಿರಲ್ಲ ಬಿಡಿ. ಚೀಲವನ್ನು ಮುಚ್ಚಿದ ಡಬ್ಬಿಯಲ್ಲಿ ಹಾಕಬೇಡಿ, ಅದಕ್ಕೆ ಗಾಳಿ ಆಡಬೇಕು.

ಕಾರು ಕೊಳ್ಳಲು ಹೊರಟವರು ಕೇಳಿದರೆ ನಾನು ಹೇಳೋದು ಇಷ್ಟು. ಕೂಲ್ಡ್ ಗ್ಲೋವ್ ಬಾಕ್ಸ್ ಬಂದರೆ ಬರಲಿ, ಅದಕ್ಕಾಗಿ ಮೇಲಿನ ವೇರಿಯಂಟಿಗೆ ಹೋಗಬೇಡಿ. ಟೆಸ್ಟ್ ಡ್ರೈವ್ ದಿನ ಬೇರೆ ಎರಡು ಸಂಗತಿ ನೋಡಿ. ಕೀ ತೆಗೆದ ಮೇಲೂ 12 ವೋಲ್ಟ್ ಸಾಕೆಟ್ಟಿನಲ್ಲಿ ಕರೆಂಟ್ ಇರುತ್ತಾ ಅಂತ ಮೊಬೈಲ್ ಚಾರ್ಜರ್ ಸಿಕ್ಕಿಸಿ ನೋಡಿ. ಆಮೇಲೆ ಮುಂದಿನ ಸೀಟಿನ ಹಿಂದೆ, ಕಾಲಿಡೋ ಜಾಗದಲ್ಲಿ ಒಂದು ಐಸ್ ಬಾಕ್ಸ್ ಕೂರುತ್ತಾ ಅಂತ ಅಳೆಯಿರಿ. ಅಳತೆ ಟೇಪ್ ಮನೆಯಿಂದಲೇ ಒಯ್ಯಿರಿ.